ಕ್ಯಾನ್ಸರ್ ಚಿಕಿತ್ಸೆಯಲ್ಲಿ ಮಾತಿನ ಪಾಲು

1961ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಡೊನಾಲ್ಡ್ ಓಕೆನ್ ಎಂಬ ಮನೋವೈದ್ಯರ ಸಮೀಕ್ಷೆಯೊಂದು ಪ್ರಕಟವಾಯಿತು. ರೋಗಿಗೆ ಕ್ಯಾನ್ಸರ್ ಇದೆಯೆಂದು ಖಚಿತವಾದಾಗ ಆ ಸಂಗತಿಯನ್ನು ರೋಗಿಗೆ ತಿಳಿಸುವಿರಾ ಎಂಬುದು ಅದರ ಮುಖ್ಯ ಪ್ರಶ್ನೆ. ಉತ್ತರಿಸಿದ ವೈದ್ಯರಲ್ಲಿ ಸುಮಾರು ಶೇ. 90 ಮಂದಿ ತಿಳಿಸದಿರುವುದೇ ಲೇಸೆಂದರು. 1979ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಇನ್ನೊಂದು ಸಮೀಕ್ಷೆಯಲ್ಲಿ ಶೇ. 97ರಷ್ಟು ವೈದ್ಯರು ತಿಳಿಸುವುದೇ ತಮ್ಮ ರೂಢಿಯೆಂದರು. ಹದಿನೆಂಟೇ ವರ್ಷಗಳಲ್ಲಿ ಒಂದು ವೃತ್ತಿಯ ನಡೆ ಹೀಗೆ ತಲೆಕೆಳಗಾದ ನಿದರ್ಶನಗಳು ವಿರಳ. ಚಿಕಿತ್ಸಾಕ್ರಮಗಳು ಸುಧಾರಿಸಿ ಬದುಕುಳಿಯುವವರ ಸಂಖ್ಯೆ ಹೆಚ್ಚಿದುದು, ತನ್ನ ದೇಹದ ಕುರಿತ ನಿರ್ಧಾರದಲ್ಲಿ ರೋಗಿಗೂ ಹಕ್ಕಿದೆಯೆಂಬ ಅರಿವು ಬೆಳೆದುದು ಇದಕ್ಕೆ ಮುಖ್ಯ ಕಾರಣಗಳು.

ಆದರೆ ಹೇಳಬೇಕೆಂಬ ತೀರ್ಮಾನವು ಇನ್ನೊಂದು ಪ್ರಶ್ನೆಯನ್ನು ಮುಂದಿಟ್ಟಿತು. ಹೇಗೆ ಹೇಳಬೇಕು? ಯಾವ ಪದಗಳಲ್ಲಿ, ಎಷ್ಟನ್ನು, ಯಾವ ಕ್ರಮದಲ್ಲಿ? ಕೇಳಿದವನ ಕಣ್ಣು ತುಂಬಿದಾಗ ಹೇಳಿದವನು ಏನು ಮಾಡಬೇಕು? ಅಂದಿನ ವೈದ್ಯಶಿಕ್ಷಣದಲ್ಲಿ ಇದಕ್ಕೆ ಸಿದ್ಧ ಉತ್ತರವಿರಲಿಲ್ಲ. ಒಳ್ಳೆಯ ಮಾತುಗಾರಿಕೆಯು ಹುಟ್ಟುಗುಣ, ಕಲಿಸಿ ಬರುವಂಥದಲ್ಲ ಎಂಬ ನಂಬಿಕೆಯೂ ಬಲವಾಗಿತ್ತು. ಈ ಪ್ರಶ್ನೆಗಳನ್ನು ಪ್ರಯೋಗಕ್ಕೂ ಅಳತೆಗೂ ಒಳಪಡಿಸಿದವರಲ್ಲಿ ಮನೋವಿಜ್ಞಾನಿಗಳು ಪ್ರಮುಖರು. ಅವರ ಕೆಲಸದ ಕೇಂದ್ರದಲ್ಲಿರುವುದು ಭಾಷೆ. ಆದುದರಿಂದ ಭಾಷೆ ಮತ್ತು ಸಾಹಿತ್ಯವನ್ನು ಐಚ್ಛಿಕವಾಗಿ ಓದುವವರಿಗೆ ಈ ಕ್ಷೇತ್ರ ಹೊರಗಿನದಲ್ಲ.

ಶಾಖೆಯೊಂದರ ಉದಯ

ಕ್ಯಾನ್ಸರ್ ಮತ್ತು ಮನಸ್ಸಿನ ಸಂಬಂಧವನ್ನು ಅಭ್ಯಸಿಸುವ ಶಾಖೆಗೆ ಸೈಕೋ-ಆಂಕಾಲಜಿ ಎಂದು ಹೆಸರು. ಕನ್ನಡದಲ್ಲಿ ಇದನ್ನು ಮನೋ-ಅರ್ಬುದಶಾಸ್ತ್ರ ಎನ್ನಬಹುದು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದಲ್ಲಿ 1977ರಲ್ಲಿ ಮನೋವೈದ್ಯ ಸೇವೆಯನ್ನು ಕಟ್ಟಿದ ಜಿಮ್ಮಿ ಹಾಲೆಂಡ್ ಅವರನ್ನು ಈ ಶಾಖೆಯ ಮೂಲಪುರುಷರ ಸಾಲಿನಲ್ಲಿ ಮೊದಲಿಗರೆಂದು ಗುರುತಿಸುವುದು ವಾಡಿಕೆ. ಅವರು ಮಹಿಳೆ ಎಂಬುದನ್ನು ಇಲ್ಲಿ ನೆನೆಯಬೇಕು. 1984ರಲ್ಲಿ ಈ ಶಾಖೆಯ ಅಂತಾರಾಷ್ಟ್ರೀಯ ಸಂಘವೂ ಸ್ಥಾಪನೆಗೊಂಡಿತು.

ಇದೇ ಕಾಲದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಪೀಟರ್ ಮಗ್ವಾಯರ್ ಅವರು ಸ್ತನವನ್ನು ತೆಗೆಯುವ ಶಸ್ತ್ರಚಿಕಿತ್ಸೆಗೆ ಒಳಗಾದ ಮಹಿಳೆಯರನ್ನು ಒಂದು ವರ್ಷ ಕಾಲ ಗಮನಿಸಿದರು. ಅವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಚಿಕಿತ್ಸೆಯ ಅಗತ್ಯವಿರುವಷ್ಟು ತೀವ್ರವಾದ ಆತಂಕ ಅಥವಾ ಖಿನ್ನತೆ ಇದ್ದುದು 1978ರ ಅವರ ವರದಿಯಿಂದ ತಿಳಿದುಬಂತು. ಗಡ್ಡೆ ಹೋಯಿತೆಂದರೆ ಕಾಯಿಲೆಯೇ ಹೋಯಿತು ಎಂಬ ಎಣಿಕೆಯನ್ನು ಈ ಫಲಿತಾಂಶ ಪ್ರಶ್ನಿಸಿತು.

ಇಂಥ ನೋವನ್ನು ಬೇಗ ಗುರುತಿಸಲು ಅಮೆರಿಕದಲ್ಲಿ ಒಂದು ಸರಳ ಸಾಧನ ಬಳಕೆಗೆ ಬಂತು. ಕಾಗದದ ಮೇಲೆ ಉಷ್ಣಮಾಪಕದ ಚಿತ್ರ. ಕೆಳಗೆ 0, ಮೇಲೆ 10. ಕಳೆದ ವಾರದಲ್ಲಿ ಅನುಭವಿಸಿದ ಸಂಕಟ ಎಷ್ಟೆಂದು ರೋಗಿಯು ಗುರುತು ಹಾಕಬೇಕು. ಸಾಮಾನ್ಯವಾಗಿ 4 ಅಥವಾ ಅದಕ್ಕಿಂತ ಮೇಲಿನ ಅಂಕ ಬಂದರೆ ಹೆಚ್ಚಿನ ವಿಚಾರಣೆ ನಡೆಯುತ್ತದೆ. ಇಲ್ಲಿ ‘ಮನೋರೋಗ’ ಎಂಬ ಪದವನ್ನು ಬಿಟ್ಟು ‘ಸಂಕಟ’ ಎಂಬ ಅರ್ಥದ ಪದವನ್ನು ಉದ್ದೇಶಪೂರ್ವಕವಾಗಿ ಆರಿಸಿಕೊಳ್ಳಲಾಯಿತು. ಮನೋರೋಗವಿದೆಯೆಂದು ಒಪ್ಪಿಕೊಳ್ಳಲು ಹಿಂಜರಿಯುವವರೂ ಸಂಕಟವಿದೆಯೆಂದು ಹೇಳಬಲ್ಲರು. ಒಂದು ಪದದ ಆಯ್ಕೆಯು ಬಾಯಿ ತೆರೆಸಲೂಬಹುದು, ಮುಚ್ಚಿಸಲೂಬಹುದು ಎಂಬುದಕ್ಕೆ ಇದು ಮೊದಲ ನಿದರ್ಶನ.

ದಾಖಲಾದ ಮಾತು

ವೈದ್ಯರು ಮತ್ತು ರೋಗಿಗಳ ಸಂಭಾಷಣೆಯನ್ನು ಇಬ್ಬರ ಒಪ್ಪಿಗೆಯಿಂದ ಧ್ವನಿಮುದ್ರಿಸಿಕೊಂಡು, ಪದಶಃ ಬರಹಕ್ಕಿಳಿಸಿ, ಪ್ರತಿಯೊಂದು ಮಾತನ್ನೂ ಅದರ ಕಾರ್ಯಕ್ಕನುಗುಣವಾಗಿ ವರ್ಗೀಕರಿಸುವುದು ಈ ಸಂಶೋಧಕರ ಮುಖ್ಯ ವಿಧಾನ. ಪ್ರಶ್ನೆಗಳು ಎಷ್ಟು, ಅವುಗಳಲ್ಲಿ ಹೌದು-ಅಲ್ಲ ಎಂಬ ಉತ್ತರವನ್ನಷ್ಟೇ ಬೇಡುವವು ಎಷ್ಟು, ರೋಗಿಯ ಭಾವನೆಗೆ ಬಂದ ಪ್ರತಿಕ್ರಿಯೆ ಯಾವುದು, ಮಾತನ್ನು ಮಧ್ಯದಲ್ಲಿ ತುಂಡರಿಸಿದವರು ಯಾರು ಎಂಬುದೆಲ್ಲ ಎಣಿಕೆಗೆ ಬರುತ್ತದೆ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಾಮಾಜಿಕ ಮನೋವಿಜ್ಞಾನಿ ಕ್ಯಾಥರಿನ್ ಪೊಲಾಕ್ ಮತ್ತು ಸಂಗಡಿಗರು ಮುಂದುವರಿದ ಹಂತದ ಕ್ಯಾನ್ಸರ್ ಇದ್ದವರ 398 ಸಂಭಾಷಣೆಗಳನ್ನು ಹೀಗೆ ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದರು. ರೋಗಿಯು ಭಯವನ್ನೋ ದುಃಖವನ್ನೋ ವ್ಯಕ್ತಪಡಿಸಿದ ಸಂದರ್ಭಗಳಲ್ಲಿ ಆ ಮಾತನ್ನು ಮುಂದುವರಿಸಲು ಅವಕಾಶ ನೀಡುವಂಥ ಉತ್ತರ ವೈದ್ಯರಿಂದ ಬಂದುದು ಕೇವಲ ಶೇ. 22ರಷ್ಟು ಬಾರಿ. ಉಳಿದೆಡೆ ಮಾತು ಪರೀಕ್ಷೆಯ ವರದಿಗೋ ಔಷಧದ ಪ್ರಮಾಣಕ್ಕೋ ಹೊರಳಿತು. ಬ್ರಿಟನ್ನಿನ ಮನೋವಿಜ್ಞಾನಿ ಲೆಸ್ಲಿ ಫ್ಯಾಲೋಫೀಲ್ಡ್ ಮತ್ತು ಸಂಗಡಿಗರ 2001ರ ಅಧ್ಯಯನದಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ರೋಗಿಗಳಲ್ಲಿ ಗಣನೀಯ ಮಾನಸಿಕ ಯಾತನೆಯ ಲಕ್ಷಣಗಳಿದ್ದವು. ಅವರಲ್ಲಿ ಬಹುಪಾಲು ಮಂದಿಯ ಯಾತನೆ ಎದುರಿಗೇ ಕುಳಿತ ವೈದ್ಯರ ಗಮನಕ್ಕೆ ಬಂದಿರಲಿಲ್ಲ.

ಇದನ್ನು ನಿರ್ದಯತೆಯೆಂದು ತಿಳಿಯುವುದು ತಪ್ಪು. ಭಾವನೆಗಳ ಬಾಗಿಲು ತೆರೆದರೆ ಮುಚ್ಚುವುದು ಹೇಗೆಂಬ ಅಳುಕು, ಸಮಯ ಸಾಲದೆಂಬ ಆತಂಕ, ತಮ್ಮ ಮನಸ್ಸನ್ನು ಕಾಪಾಡಿಕೊಳ್ಳುವ ಅಗತ್ಯ ಇವೆಲ್ಲ ವೈದ್ಯರನ್ನೂ ದಾದಿಯರನ್ನೂ ಹೀಗೆ ನಡೆಯುವಂತೆ ಮಾಡುತ್ತವೆಂದು ಮಗ್ವಾಯರ್ ವಿವರಿಸಿದ್ದರು. ಸಮಯದ ಆತಂಕಕ್ಕೆ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಒಂದು ಹೊರರೋಗಿ ವಿಭಾಗದಿಂದ 2002ರಲ್ಲಿ ಉತ್ತರ ದೊರಕಿತು. ಅಲ್ಲಿಯ ರೋಗಿಗಳು ಕ್ಯಾನ್ಸರ್ ಪೀಡಿತರೇ ಆಗಿರಲಿಲ್ಲ. ಅವರು ತಮ್ಮ ಮಾತನ್ನು ತಾವೇ ಮುಗಿಸುವ ತನಕ ವೈದ್ಯರು ತಡೆಯದೆ ಆಲಿಸಿದರು. ರೋಗಿಗಳು ತೆಗೆದುಕೊಂಡ ಸರಾಸರಿ ಸಮಯ 92 ಸೆಕೆಂಡು.

ವಾಚ್ಯವೂ ವ್ಯಂಗ್ಯವೂ

ರೋಗಿಯು ತನ್ನ ಭಯವನ್ನು ನೇರವಾಗಿ ಹೇಳುವುದು ಕಡಿಮೆ. 2011ರಲ್ಲಿ ಪ್ರಕಟವಾದ ‘ವೆರೋನಾ’ ವರ್ಗೀಕರಣ ಪದ್ಧತಿಯು ಇದನ್ನು ಎರಡಾಗಿ ವಿಂಗಡಿಸುತ್ತದೆ. ‘ನನಗೆ ಹೆದರಿಕೆಯಾಗುತ್ತಿದೆ’ ಎಂಬಂತೆ ಸ್ಪಷ್ಟವಾಗಿ ಹೊರಬಂದುದು ಕಳವಳ. ಒಳಗೊಂದು ಭಾವವಿದೆಯೆಂದು ತೋರಿಸಿಯೂ ಬಿಡಿಸಿ ಹೇಳದ ಮಾತು, ನಿಟ್ಟುಸಿರು ಅಥವಾ ಮೌನ ಸುಳಿವು.

ಅಡಿಕೆ ತೋಟದ ಹಿರಿಯರೊಬ್ಬರು, ‘ಈ ಸಲದ ಕೊಯ್ಲಿಗೆ ನಾನು ತೋಟದಲ್ಲಿರಬಹುದಲ್ಲವೇ ಡಾಕ್ಟ್ರೇ?’ ಎಂದು ಕೇಳುವರೆಂದು ಭಾವಿಸೋಣ. ವಾಚ್ಯಾರ್ಥದಲ್ಲಿ ಇದು ಕೆಲಸದ ವಿಚಾರ. ವ್ಯಂಗ್ಯಾರ್ಥದಲ್ಲಿ, ತನಗೆ ಉಳಿದಿರುವ ಕಾಲವೆಷ್ಟು ಎಂಬ ಪ್ರಶ್ನೆ. ‘ಭಾರ ಎತ್ತಬೇಡಿ, ಬಿಸಿಲಿಗೆ ಹೋಗಬೇಡಿ’ ಎಂಬ ಉತ್ತರವು ವಾಚ್ಯಾರ್ಥಕ್ಕೆ ಸರಿ. ಆದರೆ ಕೇಳಿದ ಪ್ರಶ್ನೆ ಉತ್ತರವಿಲ್ಲದೆ ಉಳಿಯುತ್ತದೆ. ಆನಂದವರ್ಧನನ ಧ್ವನಿಸಿದ್ಧಾಂತವನ್ನು ಓದಿದವರಿಗೆ ಈ ವಿಂಗಡಣೆ ಸುಲಭವಾಗಿ ತಿಳಿಯುತ್ತದೆ. ಆದರೆ ಕಾವ್ಯಕ್ಕೂ ಚಿಕಿತ್ಸಾಲಯಕ್ಕೂ ಒಂದು ಭೇದವಿದೆ. ಕಾವ್ಯದಲ್ಲಿ ಸಹೃದಯನು ಧ್ವನಿಯನ್ನು ಗ್ರಹಿಸಿ ಸುಮ್ಮನಿರಬಹುದು. ಚಿಕಿತ್ಸಾಲಯದಲ್ಲಿ ತಾನು ಗ್ರಹಿಸಿದ್ದು ಸರಿಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು. ‘ಕೊಯ್ಲಿನ ಬಗ್ಗೆ ಯೋಚನೆಯಾಗಿದೆಯೇ, ಅಥವಾ ಇನ್ನೇನಾದರೂ ಮನಸ್ಸಿನಲ್ಲಿದೆಯೇ?’ ಎಂಬ ಒಂದು ಪ್ರಶ್ನೆ ಸಾಕು. ಬೇಡವೆನಿಸಿದರೆ ಹಿರಿಯರು ಕೊಯ್ಲಿನ ಮಾತಿಗೇ ಮರಳಬಹುದು. ಆ ಸ್ವಾತಂತ್ರ್ಯ ಅವರದು.

ಕಲಿಸಿದರೆ ಬರುವುದೇ?

ಫ್ಯಾಲೋಫೀಲ್ಡ್ ತಂಡವು ಬ್ರಿಟನ್ನಿನ 34 ಕ್ಯಾನ್ಸರ್ ಕೇಂದ್ರಗಳ 160 ತಜ್ಞರನ್ನು ಒಳಗೊಂಡ ಪ್ರಯೋಗವೊಂದನ್ನು ನಡೆಸಿತು. ಕೆಲವರಿಗೆ ಮೂರು ದಿನಗಳ ತರಬೇತಿ, ಉಳಿದವರಿಗೆ ಇಲ್ಲ. ರೋಗಿಗಳೊಡನೆ ಅವರು ನಡೆಸಿದ ಮಾತುಕತೆಯನ್ನು ಮೊದಲೂ ಅನಂತರವೂ ಚಿತ್ರೀಕರಿಸಲಾಯಿತು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತರಬೇತಿ ಪಡೆದವರಲ್ಲಿ ಸಹಾನುಭೂತಿಯ ಮಾತುಗಳು ಪಡೆಯದವರಿಗಿಂತ ಶೇ. 69ರಷ್ಟು, ಸುಳಿವುಗಳಿಗೆ ತಕ್ಕ ಪ್ರತಿಕ್ರಿಯೆಗಳು ಶೇ. 38ರಷ್ಟು ಹೆಚ್ಚಿದ್ದವು. ವರ್ಷಗಳ ವೃತ್ತಿ ಅನುಭವ ತಾನಾಗಿ ಕಲಿಸದಿದ್ದುದನ್ನು ಮೂರು ದಿನಗಳ ಅಭ್ಯಾಸ ಕಲಿಸಿತು. ಹುಟ್ಟುಗುಣವೆಂಬ ಹಳೆಯ ನಂಬಿಕೆಗೆ ಇದು ದೊಡ್ಡ ಪೆಟ್ಟಾಯಿತು.

ಕಹಿ ಸುದ್ದಿಯನ್ನು ತಿಳಿಸಲು 2000ದಲ್ಲಿ ವಾಲ್ಟರ್ ಬೈಲ್, ರಾಬರ್ಟ್ ಬಕ್‌ಮನ್ ಮೊದಲಾದವರು ಆರು ಮೆಟ್ಟಿಲುಗಳ ‘ಸ್ಪೈಕ್ಸ್’ ಕ್ರಮವನ್ನು ರೂಪಿಸಿದರು. ಏಕಾಂತದ ಸ್ಥಳವನ್ನು ಸಿದ್ಧಪಡಿಸುವುದು, ರೋಗಿಗೆ ಈಗಾಗಲೇ ತಿಳಿದಿರುವುದನ್ನು ಕೇಳುವುದು, ಇನ್ನೆಷ್ಟು ತಿಳಿಯಲು ಇಚ್ಛೆಯಿದೆ ಎಂದು ವಿಚಾರಿಸುವುದು, ಸರಳ ಮಾತಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಹೇಳುವುದು, ಉಕ್ಕಿಬಂದ ಭಾವನೆಗೆ ಎಡೆಕೊಡುವುದು, ಕೊನೆಗೆ ಮುಂದಿನ ದಾರಿಯನ್ನು ಕೂಡಿ ಯೋಚಿಸುವುದು. ಇವುಗಳಲ್ಲಿ ಮೂರನೆಯ ಮೆಟ್ಟಿಲು ಅತಿ ಮುಖ್ಯ. ಎಲ್ಲರಿಗೂ ಎಲ್ಲವನ್ನೂ ಹೇಳಲೇಬೇಕೆಂಬ ಹಟವಾಗಲಿ, ಯಾರಿಗೂ ಏನನ್ನೂ ಹೇಳಬಾರದೆಂಬ ನಿಯಮವಾಗಲಿ ಅಲ್ಲಿಲ್ಲ. ಎಷ್ಟೆಂದು ನಿರ್ಧರಿಸುವವರು ರೋಗಿಯೇ.

ಪದ ಮತ್ತು ರೂಪಕ

ಸರಳವೆಂದು ತೋರುವ ಪದವೂ ದಾರಿ ತಪ್ಪಿಸಬಲ್ಲದು. ಲಂಡನ್ನಿನಲ್ಲಿ ಸಾಮಾನ್ಯ ಜನರ ನಡುವೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ‘ಗಡ್ಡೆ ಪ್ರಗತಿ ಹೊಂದುತ್ತಿದೆ’ ಎಂಬರ್ಥದ ವೈದ್ಯವಾಕ್ಯವನ್ನು ಕೆಟ್ಟ ಸುದ್ದಿಯೆಂದು ಗ್ರಹಿಸಿದವರು ಸುಮಾರು ಅರ್ಧದಷ್ಟು ಜನ ಮಾತ್ರ. ಪ್ರಗತಿ ಎಂಬುದು ಲೋಕರೂಢಿಯಲ್ಲಿ ಒಳಿತಿನ ಪದ. ವೈದ್ಯನ ನಿಘಂಟಿನಲ್ಲಿ ಅದರ ಅರ್ಥ ರೋಗದ ಮುನ್ನಡೆ.

ರೂಪಕಗಳ ವಿಷಯವೂ ಹೀಗೆಯೇ. ‘ಕ್ಯಾನ್ಸರ್ ವಿರುದ್ಧ ಸಮರ’, ‘ಹೋರಾಡಿ ಗೆದ್ದರು’, ‘ಹೋರಾಟದಲ್ಲಿ ಸೋತರು’ ಎಂಬ ಪ್ರಯೋಗಗಳು ಕನ್ನಡ ಪತ್ರಿಕೆಗಳಲ್ಲಿಯೂ ನಿತ್ಯ ಕಾಣುತ್ತವೆ. ರೋಗಕ್ಕೆ ಅಂಟಿದ ರೂಪಕಗಳನ್ನು ಸೂಸನ್ ಸೊಂಟಾಗ್ 1978ರ ತಮ್ಮ ಕೃತಿಯಲ್ಲಿ ಪ್ರಶ್ನಿಸಿದ್ದರು. ಬಳಿಕ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿ ಎಲೆನಾ ಸೆಮಿನೊ ಮತ್ತು ಸಂಗಡಿಗರು ರೋಗಿಗಳು, ಆರೈಕೆದಾರರು, ವೈದ್ಯಸಿಬ್ಬಂದಿಯ ಮಾತು-ಬರಹಗಳ ಸುಮಾರು 15 ಲಕ್ಷ ಪದಗಳ ಸಂಗ್ರಹವನ್ನು ಶೋಧಿಸಿದರು. ಯುದ್ಧದ ರೂಪಕ ಕೆಲವರಿಗೆ ಕಸುವು ತುಂಬಿತ್ತು. ಬೇರೆ ಕೆಲವರಿಗೆ, ರೋಗ ಮರುಕಳಿಸಿದಾಗ ತಾನು ಸರಿಯಾಗಿ ಹೋರಾಡಲಿಲ್ಲವೆಂಬ ಅಪರಾಧಭಾವ ತಂದಿತ್ತು. ಪ್ರಯಾಣದ ರೂಪಕಕ್ಕೂ ಹೀಗೆಯೇ ಎರಡು ಮುಖಗಳಿದ್ದವು. ಒಂದನ್ನು ನಿಷೇಧಿಸಿ ಇನ್ನೊಂದನ್ನು ಹೇರುವ ಬದಲು ಅವರು ಹಲವು ರೂಪಕಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ತನಗೆ ಒಪ್ಪುವುದನ್ನು ರೋಗಿಯೇ ಆರಿಸಿಕೊಳ್ಳಬಹುದು.

ಮನೋಬಲದ ಮಿತಿ

ಈ ಕ್ಷೇತ್ರದ ಪ್ರಾಮಾಣಿಕತೆಗೆ ಸಾಕ್ಷಿಯಾದ ಪ್ರಸಂಗವೊಂದಿದೆ. ಗುಂಪು ಚಿಕಿತ್ಸೆಯಲ್ಲಿ ಪಾಲ್ಗೊಂಡ ಸ್ತನ ಕ್ಯಾನ್ಸರಿನ ಮಹಿಳೆಯರು ಹೆಚ್ಚು ಕಾಲ ಬದುಕಿದರೆಂದು 1989ರಲ್ಲಿ ಡೇವಿಡ್ ಸ್ಪೀಗಲ್ ವರದಿ ಮಾಡಿದಾಗ ದೊಡ್ಡ ಸಂಚಲನವೇ ಆಯಿತು. ಆದರೆ 235 ಮಹಿಳೆಯರನ್ನು ಒಳಗೊಂಡು 2001ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗದಲ್ಲಿ ಆಯುಸ್ಸು ಹೆಚ್ಚಲಿಲ್ಲ. ಮನಸ್ಸಿನ ಸಂಕಟ ಮತ್ತು ನೋವಿನ ಅನುಭವ ಮಾತ್ರ ಕಡಿಮೆಯಾದವು. ಸಂಕಟ ತಗ್ಗುವುದೇ ಸಾಕಷ್ಟು ದೊಡ್ಡ ಫಲ. ಧೈರ್ಯವಿದ್ದರೆ ರೋಗ ಓಡುತ್ತದೆಂಬ ಮಾತು ಹಿತೈಷಿಗಳ ಬಾಯಲ್ಲಿ ಸಹಜವಾದರೂ, ರೋಗ ಉಲ್ಬಣಿಸಿದಾಗ ಅದು ರೋಗಿಯ ಮೇಲೆಯೇ ಹೊರಿಸಿದ ಆರೋಪವಾಗುತ್ತದೆ.

ಸಮಗ್ರ ಆರೈಕೆಯ ವಿಷಯ ಬೇರೆ. ಬಾಸ್ಟನ್ನಿನಲ್ಲಿ ಶ್ವಾಸಕೋಶದ ಮುಂದುವರಿದ ಕ್ಯಾನ್ಸರ್ ಇದ್ದ 151 ಮಂದಿಯ ಅಧ್ಯಯನವು 2010ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯ ಆರಂಭದಿಂದಲೇ ಉಪಶಾಮಕ ಆರೈಕೆ ಪಡೆದವರಲ್ಲಿ ಖಿನ್ನತೆಯ ಲಕ್ಷಣಗಳಿದ್ದವರು ಶೇ. 16, ಪಡೆಯದವರಲ್ಲಿ ಶೇ. 38. ರೋಗವನ್ನು ಕುರಿತ ಮುಕ್ತ ಮಾತುಕತೆಯೂ ಆ ಆರೈಕೆಯ ಅಂಗವಾಗಿತ್ತು.

ಮನೆಯೊಳಗಿನ ಮೌನ

ಬ್ರಿಟನ್ನಿನಲ್ಲಿ 2331 ರೋಗಿಗಳನ್ನು ವಿಚಾರಿಸಿದ 2001ರ ಅಧ್ಯಯನದಲ್ಲಿ ಶೇ. 87 ಮಂದಿ ಒಳಿತು ಕೆಡುಕೆನ್ನದೆ ಎಲ್ಲ ಮಾಹಿತಿಯೂ ಬೇಕೆಂದಿದ್ದರು. ಭಾರತದ ಸನ್ನಿವೇಶ ಭಿನ್ನ. ಇಲ್ಲಿ ವೈದ್ಯರೊಡನೆ ಮೊದಲು ಮಾತನಾಡುವವರು ಮನೆಯವರು. ‘ಅಮ್ಮನಿಗೆ ಹೇಳಬೇಡಿ, ತಡೆದುಕೊಳ್ಳಲಾರಳು’ ಎಂಬ ಕೋರಿಕೆ ಆಸ್ಪತ್ರೆಗಳಲ್ಲಿ ದಿನನಿತ್ಯದ್ದು. ಅತ್ತ ಅಮ್ಮನೂ, ತಿಳಿದೂ ತಿಳಿಯದಂತೆ, ಮಕ್ಕಳು ನೊಂದಾರೆಂದು ಸುಮ್ಮನಿರಬಹುದು. ಸಮಾಜಶಾಸ್ತ್ರಜ್ಞರಾದ ಬಾರ್ನಿ ಗ್ಲೇಸರ್ ಮತ್ತು ಆನ್ಸೆಲ್ಮ್ ಸ್ಟ್ರಾಸ್ 1965ರಲ್ಲಿ ಇದನ್ನು ‘ಪರಸ್ಪರ ನಟನೆ’ ಎಂದು ಕರೆದಿದ್ದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸಂತೋಷ್ ಚತುರ್ವೇದಿ, ಪ್ರಭಾ ಚಂದ್ರ ಮೊದಲಾದ ಮನೋವೈದ್ಯರು ಈ ಗೋಪನವನ್ನು ಕುರಿತು ಬರೆದಿದ್ದಾರೆ. ಇದರ ಹಿಂದಿರುವುದು ಪ್ರೀತಿಯೇ. ಆದರೆ ಆ ಪ್ರೀತಿಯ ಬೆಲೆಯಾಗಿ ರೋಗಿ ತನ್ನ ಭಯದೊಡನೆ ಒಂಟಿಯಾಗುತ್ತಾನೆ. ಹೇಳಬೇಕಾದ ಮಾತು, ಮಾಡಬೇಕಾದ ವ್ಯವಸ್ಥೆ ಉಳಿದುಹೋಗುತ್ತವೆ. ಮನೆಯವರನ್ನು ಹಳಿಯದೆ ಅವರ ಅಂಜಿಕೆಯನ್ನು ಮೊದಲು ಆಲಿಸಿ, ಅನಂತರ ರೋಗಿಗೆ ಎಷ್ಟು ತಿಳಿದಿದೆ, ಏನು ಬೇಕಾಗಿದೆ ಎಂದು ಅವರ ಸಮ್ಮುಖದಲ್ಲಿಯೇ ಕೇಳುವುದು ಈ ಕ್ಷೇತ್ರದವರು ಸೂಚಿಸುವ ದಾರಿ.

ಗಡಿನಾಡಿನ ಪ್ರಶ್ನೆ

ಗಡಿನಾಡ ಕನ್ನಡಿಗರಿಗೆ ಇಲ್ಲಿ ಇನ್ನೊಂದು ತೊಡಕು ಸೇರುತ್ತದೆ. ಕಾಸರಗೋಡಿನವರು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ, ಸೊಲ್ಲಾಪುರ-ಅಕ್ಕಲಕೋಟೆಯವರು ಬಾರ್ಶಿಗೋ ಮುಂಬಯಿಗೋ, ತಾಳವಾಡಿ-ಹೊಸೂರಿನವರು ತಮಿಳು ಮಾತಿನ ಆಸ್ಪತ್ರೆಗಳಿಗೆ ಹೋದಾಗ ರೋಗದ ಹೆಸರೇ ಬೇರೆಯಾಗುತ್ತದೆ. ಮಲಯಾಳದಲ್ಲಿ ಅರ್ಬುದಂ, ಮರಾಠಿಯಲ್ಲಿ ಕರ್ಕರೋಗ, ತಮಿಳಿನಲ್ಲಿ ಪುಟ್ರುನೋಯ್. ತಮಿಳಿನ ಆ ಪುಟ್ರು ನಮ್ಮ ‘ಹುತ್ತ’ದ ಸಜಾತಿ. ಸಮಾಧಾನದ ಮಾತೂ ಜಾರಬಲ್ಲದು. ಮಲಯಾಳದ ‘ಸಾರಮಿಲ್ಲ’ ಎಂಬುದಕ್ಕೆ ‘ಚಿಂತೆಯಿಲ್ಲ’ ಎಂಬ ಅರ್ಥ. ಮಲಯಾಳ ತಿಳಿಯದ ಕನ್ನಡ ಕಿವಿಗೆ ಅದು ‘ಇನ್ನು ಹುರುಳಿಲ್ಲ’ ಎಂದು ಕೇಳಿಸೀತು.

ವ್ಯಾಕರಣವೂ ಇಲ್ಲಿ ಪಾತ್ರ ವಹಿಸುತ್ತದೆ. ಇಂದಿನ ಕನ್ನಡದಲ್ಲಿ ‘ನಾವು’ ಒಂದೇ. ಮಲಯಾಳದಲ್ಲಿ ಕೇಳುಗನನ್ನು ಹೊರಗಿಟ್ಟ ‘ಞಙ್ಙಳ್’, ಒಳಗೊಂಡ ‘ನಮ್ಮಳ್’ ಎಂಬ ಎರಡು ರೂಪಗಳಿವೆ. ತುಳುವಿನಲ್ಲಿ ‘ಎಂಕುಳು’ ಮತ್ತು ‘ನಮ’. ತಮಿಳು, ತೆಲುಗು, ಮರಾಠಿಗಳಲ್ಲಿಯೂ ಈ ಭೇದ ಉಂಟು. ವೈದ್ಯರು ರೋಗಿಯನ್ನೂ ಸೇರಿಸಿಕೊಂಡು ‘ನಮ್ಮಳ್’ ಎಂದುದು ಕನ್ನಡದಲ್ಲಿ ಬರಿಯ ‘ನಾವು’ ಆದಾಗ, ಜೊತೆಗಿದ್ದೇವೆಂಬ ಸೂಚನೆ ಕಳೆದುಹೋಗುತ್ತದೆ. ಅನುವಾದಕರು ‘ನಾವೂ ನೀವೂ ಸೇರಿ’ ಎಂದು ಬಿಡಿಸಿ ಹೇಳಬೇಕಾಗುತ್ತದೆ.

ಸಿಡ್ನಿ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಫಿಲಿಸ್ ಬ್ಯೂಟೊ ಮತ್ತು ಸಂಗಡಿಗರು ಆಸ್ಟ್ರೇಲಿಯಕ್ಕೆ ವಲಸೆ ಬಂದ ರೋಗಿಗಳ ಸಮಾಲೋಚನೆಗಳನ್ನು ಅಭ್ಯಸಿಸಿ 2011ರಲ್ಲಿ ಪ್ರಕಟಿಸಿದ ಫಲಿತಾಂಶ ಗಡಿನಾಡಿಗೂ ಪ್ರಸ್ತುತ. ವೃತ್ತಿನಿರತ ದುಭಾಷಿಗಳ ಅನುವಾದದಲ್ಲಿ ಮೂಲಕ್ಕೆ ಸರಿಸಮವಾದುದು ಸುಮಾರು ಮೂರನೆಯ ಎರಡು ಪಾಲು. ಮನೆಯವರು ಅನುವಾದಿಸಿದಾಗ ಸುಮಾರು ಅರ್ಧ. ಉಳಿದುದು ಬಿಟ್ಟುಹೋಗಿತ್ತು, ಸೇರಿಕೊಂಡಿತ್ತು ಅಥವಾ ಬದಲಾಗಿತ್ತು. ಇದೇ ಸಂಶೋಧಕರ ಬಳಗವು ಸಮಾಲೋಚನೆಗೆ ಮೊದಲೇ ರೋಗಿಗೆ ಸಂಭಾವ್ಯ ಪ್ರಶ್ನೆಗಳ ಪಟ್ಟಿಯನ್ನು ಕೊಟ್ಟು ನೋಡಿತು. ವೈದ್ಯರೇ ಆ ಪಟ್ಟಿಯನ್ನು ಎತ್ತಿಕೊಂಡು ಮಾತನಾಡಿದಾಗ ರೋಗಿಯ ಆತಂಕ ಇಳಿಯಿತು, ಹೇಳಿದುದು ಹೆಚ್ಚು ನೆನಪಿನಲ್ಲಿ ಉಳಿಯಿತು, ಸಮಾಲೋಚನೆಯ ಅವಧಿಯೂ ಕಡಿಮೆಯಾಯಿತೆಂದು 2001ರ ವರದಿ ತಿಳಿಸುತ್ತದೆ.

ಗಡಿನಾಡಿನ ಮನೆಗಳಲ್ಲಿ ಎರಡು ಮೂರು ಭಾಷೆ ಬಲ್ಲ ಕಾಲೇಜು ವಿದ್ಯಾರ್ಥಿಯೇ ಅಜ್ಜ-ಅಜ್ಜಿಯರ ಜೊತೆ ಆಸ್ಪತ್ರೆಗೆ ಹೋಗುವುದು ಸಾಮಾನ್ಯ. ದುಭಾಷಿಯ ಹೊಣೆ ಹೇಳದೆ ಕೇಳದೆ ಅವರ ಹೆಗಲೇರುತ್ತದೆ. ಆ ಹೊಣೆಗೆ ಮೇಲಿನ ಅಧ್ಯಯನಗಳಿಂದ ಕೆಲವು ಸೂತ್ರಗಳು ದೊರೆಯುತ್ತವೆ. ಹೊರಡುವ ಮುನ್ನ, ಏನನ್ನು ಕೇಳಬೇಕೆಂದಿದೆ, ಎಷ್ಟನ್ನು ತಿಳಿಯಬೇಕೆಂದಿದೆ ಎಂದು ಹಿರಿಯರನ್ನೇ ವಿಚಾರಿಸಿ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದುಕೊಳ್ಳುವುದು. ವೈದ್ಯರ ಮಾತನ್ನು ಸಣ್ಣ ಸಣ್ಣ ತುಂಡುಗಳಲ್ಲಿ ಕೇಳಿ, ಆಗಿಂದಾಗ ಅನುವಾದಿಸುವುದು. ಅರ್ಥವಾಗದ ಪದಕ್ಕೆ ಊಹೆಯ ಅರ್ಥ ಕೊಡದೆ ವೈದ್ಯರನ್ನೇ ಮತ್ತೆ ಕೇಳುವುದು. ಅಜ್ಜಿಯ ಪರವಾಗಿ ತಾನೇ ಉತ್ತರಿಸದಿರುವುದು. ಅವರು ಕೊಯ್ಲಿನ ಮಾತೆತ್ತಿದರೆ, ಅಪ್ರಸ್ತುತವೆಂದು ಬಿಡದೆ ಆ ಮಾತನ್ನೂ ವೈದ್ಯರಿಗೆ ಮುಟ್ಟಿಸುವುದು.